ಮೊದಲ ಬಾಟಲಿ ಯಾರದ್ದು?

"ಈ ಚೀಲ ಯಾರದ್ದು?"

ಸ್ಕ್ಯಾನರ್ ಪರದೆಯಿಂದ ಕಣ್ಣು ಕೀಳದೆಯೇ ಭದ್ರತೆಯ ಸಮವಸ್ತ್ರದ ಅವಳು ಕೇಳಿದಳು. ಹಡಗು ಹತ್ತಲು ನಿಂತಿದ್ದ ಸಾಲೆಲ್ಲ ಅತ್ತ ತಿರುಗಿತು.

"ನಮ್ದೇ ಮೇಡಂ," ಎನ್ನುತ್ತಾ ಒಬ್ಬ ಮುಂದೆ ಬಂದ. ಅವನ ಬೆನ್ನ ಹಿಂದೆ, ಕೈಚೀಲವನ್ನು ಎದೆಗವಚಿಕೊಂಡು ಅವನ ತಾಯಿ.

ಅವಳು ಚೀಲದೊಳಗೆ ಕೈಹಾಕಿ ಹಸಿರು ಬಣ್ಣದ ಮೌತ್‌ವಾಶ್ ಬಾಟಲಿ ಹೊರತೆಗೆದಳು.

"ಬಾಯಿ ಮುಕ್ಕಳಿಸೋದು ಮೇಡಂ. ಹಲ್ಲಿನ ವಿಷಯದಲ್ಲಿ ನಮ್ಮಮ್ಮ ಬಹಳ ಶಿಸ್ತು," ಅವನು ನಕ್ಕ.

ಅವಳು ಮುಚ್ಚಳ ತಿರುಗಿಸಿ ಮೂಸಿದಳು.

"ಹಲ್ಲಿಗೆ ವೋಡ್ಕಾ ಹಾಕೋರನ್ನ ಇವತ್ತೇ ನೋಡಿದ್ದು!"

ಅವನ ನಗು ಆರಿಹೋಯಿತು. ಗಾಬರಿಯಿಂದ ತಾಯಿಯ ಕಡೆ ತಿರುಗಿದ. ತಾಯಿಯೋ, ನಾಳೆ ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೇನೋ ಎಂಬಂತೆ ಚಾವಣಿಯ ದೀಪವನ್ನು ದಿಟ್ಟಿಸುತ್ತಿದ್ದರು.

ಅವನು ಮತ್ತೆ ಇತ್ತ ತಿರುಗಿದ.

"ನಂದೇ ಮೇಡಂ... ನಾನೇ ತುಂಬಿಸಿದ್ದು."

"ಸೀಲ್ ಮಾಡಿದ ವೈನ್ ಆದ್ರೆ ತಲೆಗೊಂದು ಬಾಟಲಿ ತರಬಹುದು. ಬೇರೆ ಏನೂ ತರೋ ಹಾಗಿಲ್ಲ. ಕ್ಯಾಬಿನ್‌ನಲ್ಲಿ ಕುಡೀಬೇಕು ಅಂದ್ರೆ ಒಳಗೇ ಫೋನ್ ಮಾಡಿ ತರಿಸ್ಕೊಳ್ಳಿ. ಇದು ನಮ್ಮ ಹತ್ರಾನೇ ಇರುತ್ತೆ. ಇನ್ನೊಂದು ಸಲ ನೀವು ಸಿಕ್ಕಿಬಿದ್ರೆ, ಯಾವ ಬಂದರು ಬರುತ್ತೋ ಅಲ್ಲೇ ಇಳಿಸ್ತೀವಿ."

ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಹಡಗಿನವರು ಅವಳಿಗೆ 'ಮೂಗು ಮೇಡಂ' ಎಂದು ಅಡ್ಡಹೆಸರಿಟ್ಟಿದ್ದರು. ಆ ಮೂಗು ಎಲ್ಲಿ ಪಳಗಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಒಮ್ಮೆ ಮದುವೆಯಾಗಿತ್ತು. ಶಾಂಪೂ ಡಬ್ಬಿ, ಹೂದಾನಿ, ಕೊನೆಗೆ ಅವಳದ್ದೇ ಗುಲಾಬಿ ನೀರಿನ ಸೀಸೆ... ಗಂಡ ಮದ್ಯ ಬಚ್ಚಿಡದ ಜಾಗವಿರಲಿಲ್ಲ. ಕೇಳಿದಾಗಲೆಲ್ಲ ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಿದ್ದ. ಕುಡಿತವನ್ನಾದರೂ ಅವಳು ಸಹಿಸಿಕೊಳ್ಳುತ್ತಿದ್ದಳೇನೋ. ಆ ಸುಳ್ಳು ಆಣೆಗಳಿಗೇ ಹೆದರಿ ಮನೆ ಬಿಟ್ಟು ಬಂದಿದ್ದಳು.

'ಇನ್ನೊಬ್ಬ ಸುಳ್ಳುಗಾರ,' ಎಂದುಕೊಂಡು ಬಾಟಲಿಗೆ ಚೀಟಿ ಅಂಟಿಸಿದಳು.

ಮರುದಿನ ಬೆಳಿಗ್ಗೆ ಅವನು ಮೇಲಿನ ಡೆಕ್‌ನಲ್ಲಿ ಸಿಕ್ಕಿದ. ಮುಖ ತಿರುಗಿಸಿ ಹೊರಟವಳನ್ನು ಮೆಲ್ಲಗೆ ತಡೆದ.

"ಮೇಡಂ, ನಿಮ್ಮ ಕನ್ನಡಕ ಎಡಕ್ಕೆ ವಾಲಿದೆ. ತಲೆನೋವು ಬರ್ತಿರಬೇಕಲ್ಲ?"

ಬರುತ್ತಿತ್ತು! ತಿಂಗಳುಗಳಿಂದ!

ಅವನದು ಕನ್ನಡಕದ ಅಂಗಡಿಯಂತೆ. ಜೇಬಿನಿಂದ ಪುಟ್ಟ ತಿರುಪುಳಿ ತೆಗೆದು ಅಲ್ಲೇ ಕೂತು ಬಿಗಿದುಕೊಟ್ಟ. ಕೊಡುವಾಗ ಅವನ ಉಸಿರು ಹತ್ತಿರ ಸುಳಿಯಿತು. ಅವಳಿಗರಿವಿಲ್ಲದೆ ಮೂಗು ಮೂಸಿತು.

ಬರೀ ಚಹಾದ ವಾಸನೆ.

ಆಮೇಲೆ ದಿನಾ ಅದೇ ಹೊತ್ತಿಗೆ ಅವನು ಅಲ್ಲಿರುತ್ತಿದ್ದ. ಅವಳೂ... ಡ್ಯೂಟಿಯ ನೆಪ ಹೇಳಿಕೊಂಡು! ಯಾರಿಗೂ ಹೇಳದ ಗಂಡನ ಕಥೆಯನ್ನು ಅವನಿಗೆ ಹೇಳಿಬಿಟ್ಟಳು. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ.

"ಮೇಡಂ, ಆವತ್ತಿನ ಆ ಬಾಟಲಿ..." ಎಂದು ಶುರು ಮಾಡಿದವನು ಮಾತು ಬದಲಿಸಿದ.

ಅದೇ ಸಂಜೆ ಅವಳು ಕಾರಿಡಾರಿನಲ್ಲಿ ಗಸ್ತು ಹೊರಟಿದ್ದಳು. ಅವನ ಕ್ಯಾಬಿನ್ ಬಾಗಿಲು ತೆರೆದಿತ್ತು. ಬಾರ್‌ನವನು ತಂದ ವೋಡ್ಕಾ ಬಾಟಲಿಯನ್ನು ಅವನು ಕೈಚಾಚಿ ತೆಗೆದುಕೊಳ್ಳುತ್ತಿದ್ದ!

ಅವಳು ಬಾಗಿಲಲ್ಲೇ ನಿಂತಳು.

"ಅಯ್ಯೋ ಮೇಡಂ, ಹೇಳ್ತೀನಿ ಕೇಳಿ..."

"ಬೇಡ! ನನ್ನ ಗಂಡನೂ ಹೀಗೇ ಶುರು ಮಾಡ್ತಿದ್ದ, 'ಹೇಳ್ತೀನಿ ಕೇಳು' ಅಂತ. ತಗೊಳ್ಳೋದು ನಿಮ್ಮ ಹಕ್ಕು, ನಿಮ್ಮಿಷ್ಟ. ನಂಬಿದ್ನಲ್ಲ... ಅದು ನನ್ನ ತಪ್ಪು."

ಮಾರನೆಯ ಬೆಳಿಗ್ಗೆ ಡೆಕ್ ಕಡೆ ಅವಳು ಸುಳಿಯಲಿಲ್ಲ. ಕಣ್ಣೇಕೆ ಕೆಂಪಗಿದೆ ಎಂದು ಕೇಳಿದವರಿಗೆ ಉಪ್ಪು ಗಾಳಿಯ ನೆಪ ಹೇಳಿದಳು.

ಮಧ್ಯಾಹ್ನ ಹಡಗು ಬಂದರಿನಲ್ಲಿ ನಿಂತಿತು. ಊರು ಸುತ್ತಿ ಮರಳಿದವರ ಚೀಲಗಳು ಒಂದೊಂದಾಗಿ ಸ್ಕ್ಯಾನರ್‌ನೊಳಗೆ ಸಾಗಿದವು. ಪಕ್ಕದಲ್ಲಿ ಭದ್ರತೆಯ ದೊಡ್ಡ ಸಾಹೇಬರು ನಿಂತಿದ್ದರು.

ಪರದೆಯ ಮೇಲೆ ಅವನ ತಾಯಿಯ ಕೈಚೀಲ ಮೂಡಿತು. ಒಳಗೆ ರಬ್ಬರಿನ ಬಿಸಿನೀರಿನ ಚೀಲ, ತುಂಬಿ ಉಬ್ಬಿದೆ.

"ಮಂಡಿನೋವಮ್ಮ... ಶಾಖ ಕೊಡೋಕೆ," ಎಂದರು ತಾಯಿ.

ಅವಳು ಮುಟ್ಟಿ ನೋಡಿದಳು. ತಣ್ಣಗಿತ್ತು. ಬಿರಡೆ ತೆಗೆದಳು. ಅದೇ ವಾಸನೆ!

"ನಂದೇ ಮೇಡಂ!" ಹಿಂದಿನಿಂದ ಅವನು ನುಗ್ಗಿ ಬಂದ. ಆದರೆ ಅದಕ್ಕೂ ಮೊದಲು ಅವನ ಕಣ್ಣು ಗಾಬರಿಯಿಂದ ತಾಯಿಯ ಕಡೆ ಹೊರಳಿತ್ತು.

ಅವಳು ಅದನ್ನು ನೋಡಿದಳು. ಎಲ್ಲವೂ ಒಮ್ಮೆಲೇ ಹೊಳೆಯಿತು. ಹಾಗಾದರೆ ಆವತ್ತೂ...?

"ನೀವು ಸುಮ್ನಿರಿ. ಅಮ್ಮಾ, ನೀವು ಹೇಳಿ. ಇದು ಯಾರದ್ದು?"

ತಾಯಿ ತಲೆ ತಗ್ಗಿಸಿದರು.

"ನಂದೇ ಕಣಮ್ಮ. ಇವರಪ್ಪ ಹೋದ ಮೇಲೆ ಕಣ್ಣಿಗೆ ನಿದ್ದೆ ಹತ್ತಲ್ಲ. ಒಂದು ಗುಟುಕು ಕುಡಿದ್ರೆ ಹೇಗೋ ರೆಪ್ಪೆ ಮುಚ್ಚುತ್ತೆ. ಬೆಳೆದ ಮಗನ ಎದುರು ಹೇಗಮ್ಮ ಕುಡೀಲಿ? ಫೋನ್ ಮಾಡಿ ತರಿಸಿದ್ರೆ ಬಿಲ್ಲು ಅವನ ಕೈಗೇ ಹೋಗುತ್ತೆ."

"ಅದಕ್ಕೇ ಅಲ್ವೇನಮ್ಮ ನಾನೇ ತರಿಸಿ ಟೇಬಲ್ ಮೇಲೆ ಇಟ್ಟಿದ್ದು!" ಅವನ ದನಿ ಒಡೆಯಿತು. "ಕದ್ದು ಕುಡೀಬೇಡ, ನನ್ನೆದುರೇ ಕೂತ್ಕೋ ಅಂತ! ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ, ಇಟ್ಟು ಹೊರಗೆ ಹೋದೆ."

ತಾಯಿ ಬೆಪ್ಪಾಗಿ ನೋಡಿದರು.

"ಅಯ್ಯೋ... ಅದು ನಂಗಾ? ನನ್ನ ಚಿಂತೇಲಿ ನೀನೂ ಶುರು ಹಚ್ಕೊಂಡೆ ಅಂದ್ಕೊಂಡ್ನಲ್ಲೋ! ಅಷ್ಟನ್ನೂ ಸಿಂಕಿಗೆ ಸುರಿದುಬಿಟ್ಟೆ!"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳಿಗೆ ನಗು ಬರಲಿಲ್ಲ. ಬಾಗಿಲಲ್ಲಿ ನಿಂತು ತಾನು ಎಸೆದ ಮಾತುಗಳೆಲ್ಲ ಈಗ ತನಗೇ ಬಂದು ಚುಚ್ಚುತ್ತಿದ್ದವು.

ದೊಡ್ಡ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಇದು ತಾಯಿಯವರದ್ದು ಅಂತಾಯ್ತು. ಮೊದಲ ಬಾಟಲಿ ಮಗನ ಹೆಸರಲ್ಲಿದೆ. ಇಬ್ಬರದ್ದೂ ಮೊದಲನೇ ತಪ್ಪೇ, ಎಚ್ಚರಿಕೆ ಕೊಟ್ಟು ಬಿಡಬಹುದು." ಅವನತ್ತ ನೋಡಿದರು. "ಮೊದಲನೇದು ನಿಮ್ಮದೇ ತಾನೇ? ಹೂಂ ಅಂದ್ರೆ ಮುಗೀತು, ಒಳಗೆ ಹೋಗಿ. ತಾಯಿಯವರದ್ದೇ ಆಗಿದ್ರೆ ಇದು ಎರಡನೇ ತಪ್ಪು, ಇಬ್ಬರೂ ಇಲ್ಲೇ ಇಳೀಬೇಕಾಗುತ್ತೆ."

ಒಂದು ಹೂಂ. ಅಷ್ಟೇ.

'ಹೂಂ ಅಂದುಬಿಡು. ಇನ್ನೂ ಸ್ವಲ್ಪ ದಿನ ಕಣ್ಣೆದುರಿಗಿರು...' ಎಂದಿತು ಅವಳ ಮನಸ್ಸು. ಮರುಗಳಿಗೆಯೇ ಚೀರಿತು, 'ಬೇಡ! ನೀನೂ ಸುಳ್ಳು ಹೇಳಬೇಡ!'

ಅವನು ಅವಳ ಮುಖ ನೋಡಿದ. ಆಮೇಲೆ ತಾಯಿಯ ಕೈ ಹಿಡಿದ.

"ಅಮ್ಮ... ಹೇಳಿಬಿಡ್ಲಾ?"

ತಾಯಿ ಕಣ್ಣೊರೆಸಿಕೊಂಡು ತಲೆಯಾಡಿಸಿದರು.

"ಮೊದಲನೇದೂ ಅಮ್ಮನದ್ದೇ ಸಾರ್. ಆವತ್ತು ನಾನು ಹೇಳಿದ್ದು ಸುಳ್ಳು."

ಸಾಹೇಬರು ನಿಟ್ಟುಸಿರು ಬಿಟ್ಟರು. ನಿಯಮವೆಂದರೆ ನಿಯಮ. ಸಾಮಾನು ಕಟ್ಟಿಸಿ, ಇಬ್ಬರನ್ನೂ ಕೆಳಗಿನವರೆಗೆ ಬಿಟ್ಟು ಬಾ ಎಂದು ಅವಳಿಗೇ ಹೇಳಿದರು.

ಇಳಿಯುವ ಮೆಟ್ಟಿಲ ಕೊನೆಯಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ಹೂಂ ಅಂದಿದ್ರೆ ಉಳ್ಕೋತಿದ್ರಲ್ಲ!"

"ಹಡಗಲ್ಲಿ ಉಳ್ಕೋತಿದ್ದೆ. ನಿಮ್ಮ ಹತ್ರ ಉಳ್ಕೋತಿದ್ನಾ?"

ಅವಳ ಕನ್ನಡಕ ಮಂಜಾಯಿತು.

"ನಿನ್ನೆ ಬಾಯಿಗೆ ಬಂದ ಹಾಗೆ ಅಂದೆ... ಕ್ಷಮಿಸಿ."

"ನಾನು ಮೊದಲೇ ಹೇಳ್ಬೇಕಿತ್ತು. ಅಮ್ಮನ ಮಾನ ಉಳಿಸೋಕೆ ಹೋಗಿ ನಿಮ್ಮನ್ನ ಅಳಿಸಿದೆ."

ಸೂಟ್‌ಕೇಸ್ ಮೇಲೆ ಕೂತಿದ್ದ ತಾಯಿಗೆ ತಾಳ್ಮೆ ಮುಗಿಯಿತು.

"ಇವನನ್ನ ಬಿಟ್ರೆ ಸಂಜೆವರೆಗೂ ಕ್ಷಮೆ ಕೇಳ್ತಾ ಇರ್ತಾನೆ. ನಾನೇ ಕೇಳ್ತೀನಿ. ಊರಿಗೆ ಹೋದ ತಕ್ಷಣ ನಿದ್ದೆಗೆ ಡಾಕ್ಟರ್ ಹತ್ರ ತೋರಿಸ್ಕೋತೀನಿ, ಇನ್ಮೇಲೆ ಕದ್ದುಮುಚ್ಚಿ ಏನೂ ಇಲ್ಲ. ಇಂಥ ಅತ್ತೆ ಇರೋ ಮನೆಗೆ ಬರ್ತೀಯಾ ಮಗಳೇ?"

"ಅಮ್ಮಾ!" ಎಂದು ಅವನು ಕೂಗಿದ. ಕಿವಿ ಕೆಂಪೇರಿತ್ತು.

ಅವಳು ಅಳುತ್ತಲೇ ನಕ್ಕಳು. ತಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅವರ ಕೈಯನ್ನು ತನ್ನ ಕೈಯೊಳಗಿಟ್ಟುಕೊಂಡಳು.

"ಮುಂದಿನ ತಿಂಗಳು ನನ್ನ ಕೆಲಸದ ಅವಧಿ ಮುಗಿಯುತ್ತೆ, ಅಮ್ಮಾ. ಕರ್ಕೊಂಡು ಹೋಗೋಕೆ ಇವರನ್ನ ಬಂದರಿಗೆ ಕಳಿಸ್ತೀರಾ?"

"ನಾನೇ ಎಳ್ಕೊಂಡು ಬರ್ತೀನಿ!"

ಅವಳು ಎದ್ದು ಅವನೆದುರು ನಿಂತಳು.

"ಒಂದು ವಿಷಯ ಈಗಲೇ ಹೇಳಿಬಿಡ್ತೀನಿ. ನಿಮ್ಮನ್ನ ನಂಬ್ತೀನಿ... ಆದ್ರೂ ನಿಮ್ಮ ಲೋಟ, ನಿಮ್ಮ ಉಸಿರು, ಎಲ್ಲ ಮೂಸಿ ನೋಡ್ತಿರ್ತೀನಿ. ಈ ಅಭ್ಯಾಸ ಬೇಗ ಹೋಗಲ್ಲ. ಬೇಜಾರಾಗುತ್ತೆ ನಿಮಗೆ."

"ಮೂಸಿ. ಸಾಕು ಅನ್ನಿಸೋವರೆಗೂ ಮೂಸಿ."

"ಸಾಕು ಅಂತ ಅನ್ನಿಸದೇ ಹೋದ್ರೆ?"

ಅವನು ನಾಚುತ್ತಲೇ ಒಂದು ಹೆಜ್ಜೆ ಮುಂದೆ ಬಂದ.

"ಇನ್ನೂ ಒಳ್ಳೇದಾಯ್ತಲ್ಲ... ದಿನಾ ಇಷ್ಟು ಹತ್ರ ಬರ್ತೀರಿ!"