ಐಸ್ ಡಬ್ಬಿಯ ಸೂಜಿ

ತೊಯ್ದ ಕಂಬಳಿಯ ವಾಸನೆಗೆ ಇನ್‌ಸ್ಪೆಕ್ಟರ್ ಸೋಮಶೇಖರ ಫೈಲಿನಿಂದ ತಲೆಯೆತ್ತಿದರು. ಚಿಕ್ಕಂದಿನಲ್ಲಿ ಅಜ್ಜಿ ಹೊದಿಸುತ್ತಿದ್ದ ಕಂಬಳಿಯದೇ ವಾಸನೆ: ಉಣ್ಣೆ, ಒಲೆಯ ಹೊಗೆ, ಕುರಿಹಾಲು. ಬಾಗಿಲಲ್ಲಿ ಕಲ್ಹೇರ್ ಕಡೆಯ ಕುರಿಗಾರ ಹೆಂಗಸು ಮೋನಮ್ಮ ನಿಂತಿದ್ದಳು. ನಾರಾಯಣಖೇಡ ಠಾಣೆ, ಜುಲೈ ಹನ್ನೆರಡು, ಬೆಳಿಗ್ಗೆ ಹತ್ತು.

"ನನ್ನ ಮಗಳು ಮನಿಷಾಗ ಕುರಿ ಸೂಜಿ ಕೊಟ್ಟಾನ್ರಿ ಸಾಬ್. ಹೊಟ್ಟಿ ಗಡಿಗಿ ಆಗ್ಯಾದ."

"ಯಾರು?"

"ದನದ ದವಾಖಾನಿ ಭೀಮಶಾ. ಕುರಿ ಲಸಿಕಿ ಐಸ್ ಡಬ್ಬಿ ನಮ್ಮ ಮನ್ಯಾಗ ಇಟ್ಟಾನ. ಅದರಾಗಿಂದು ತಗೊಂಡು ಮನಿಷಾ ಹೊಟ್ಟಿಗಿ ಚುಚ್ಚಿಕೊಳ್ಳೋದು ಕಣ್ಣಾರೆ ನೋಡೀನಿ."

ಕಾನ್‌ಸ್ಟೆಬಲ್ ಲಚ್ಚಮ್ಮ ದೂರು ಬರೆದುಕೊಂಡಳು, ಎಫ್‌ಐಆರ್ ಆಯಿತು. ಮಧ್ಯಾಹ್ನ ಮೋನಮ್ಮನ ಮನೆಯಲ್ಲಿ ಪಂಚರ ಎದುರು ಡಬ್ಬಿ ತೆರೆದಾಗ ಲಸಿಕೆ ಬಾಟಲಿಗಳ ಅಡಿಯಲ್ಲಿ ಪೆನ್ನಿನಂಥ ಸೂಜಿಯೊಂದು ಸಿಕ್ಕಿತು. ಪಂಚನಾಮೆ ಬರೆದು ಅದನ್ನು ವಶಕ್ಕೆ ಪಡೆದರು.

ಭೀಮಶಾ ಡಬ್ಬಿಯತ್ತ ಬಗ್ಗಿ ನೋಡಿದ. "ಇದು ನಂದಲ್ಲರಿ. ಕುರಿಗಿ ಪೆನ್ನು ಯಾರು ಕೊಡತಾರ್ರಿ, ಸಹಿ ಮಾಡಾಕೇನು?"

ಬೆಳಿಗ್ಗೆಯೇ ಸೇರಿಸಿದ್ದ ಸರಕಾರಿ ದವಾಖಾನೆಯಲ್ಲಿ ಮನಿಷಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಡಾಕ್ಟರ್ ಸೂಜಿ ನೋಡಿದ ಕೂಡಲೇ ಮೋನಮ್ಮನನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದರು. "ನೋಡವ್ವ, ಹೆಣ್ಣಿನ ಮೈಯಾಗ ತಿಂಗಳಿಗಿ ಒಂದು ತತ್ತಿ ಬಲೀತದ. ಈ ಸೂಜಿ ದಿನಾ ಹಾಕಿದರ ಹತ್ತಾರು ಒಮ್ಮೆಲೇ ಬಲೀತಾವ. ಆಮ್ಯಾಲ ಮತ್ತು ಬರೋ ಔಷಧ ಕೊಟ್ಟು ಅವನ್ನ ಹೊರಗ ತೆಗೀತಾರ."

"ಕೋಳಿ ಏನ್ರಿ ನನ್ನ ಮಗಳು?"

"ಮಕ್ಕಳಿಲ್ಲದಾಕಿಗಿ ಕೊಡಾಕ. ಆಕಿ ಗಂಡನ ಬೀಜದ ಜೊತಿ ಲ್ಯಾಬಿನಾಗ ಕೂಡಿಸಿ ಆಕಿ ಗರ್ಭದಾಗ ಇಡತಾರ."

"ಬಾಡಿಗೆ ತಾಯಿ ಅಂತಾರಲ್ಲ, ಅದೇನು?" ಸೋಮಶೇಖರ ಕೇಳಿದರು.

"ಅದು ಬ್ಯಾರೆ. ಅಲ್ಲಿ ಇನ್ನೊಬ್ಬರ ಕೂಸು ಹೊರತಾರ. ಇಲ್ಲಿ ತತ್ತಿ ಅಷ್ಟೇ ಕೊಡೋದು. ಕಾನೂನಿನ ಪ್ರಕಾರ ಕೊಡಾಕಿಗಿ ಇಪ್ಪತ್ಮೂರು ತುಂಬಿರಬೇಕು, ಮದುವಿ ಆಗಿ ಕೂಸು ಇರಬೇಕು. ಈಕಿಗಿ ಇಪ್ಪತ್ತು, ಮದುವೀನೇ ಇಲ್ಲ. ಔಷಧ ಮೈಗಿ ಒಗ್ಗಿಲ್ಲ, ಹೊಟ್ಟ್ಯಾಗ ನೀರು ತುಂಬ್ಯಾದ. ಇನ್ನಷ್ಟು ತಡ ಆಗಿದ್ದರ ಜೀವಕ್ಕ ಕುತ್ತಿತ್ತು."

ಮನಿಷಾ ಯಾರ ಹೆಸರೂ ಹೇಳಲಿಲ್ಲ. ಲಚ್ಚಮ್ಮ ಒತ್ತಾಯಿಸಲೂ ಇಲ್ಲ. ಸಿಕ್ಕುಗಟ್ಟಿದ್ದ ಅವಳ ಕೂದಲು ಬಾಚಿ ಜಡೆ ಹಾಕಿದಳು. ಜಡೆ ಮುಗಿಯುವ ಹೊತ್ತಿಗೆ ಹುಡುಗಿ ಮೆಲ್ಲಗೆ ಅಂದಳು: "ಭೀಮಶಾ ಕಾಕಾಗ ಬಿಡ್ರಿ. ಔಷಧ ತಣ್ಣಗ ಇಡಬೇಕು ಅಂದಿದ್ರು. ನಮ್ಮಲ್ಲಿ ಫ್ರಿಜ್ ಎಲ್ಲದ? ನಾನೇ ಅದರಾಗ ಇಟ್ಟೆ."

ಸೂಜಿಯ ಮೇಲಿನ ಬ್ಯಾಚ್ ನಂಬರು ಹಿಡಿದು ಹೋದ ದಾರಿ ಜಹೀರಾಬಾದಿನ ಔಷಧದಂಗಡಿಗೆ ಮುಟ್ಟಿತು. "ಶಕುಂತಲಾಬಾಯಿ ಸಿಸ್ಟರ್ ಒಯ್ದಾರ್ರಿ," ಅಂದ ಅಂಗಡಿಯವ. "ಮಗಳು ದೀಪ್ತಿಗಂತ."

ನಿವೃತ್ತ ನರ್ಸ್. ಹೆಸರು ಕೇಳಿ ಮೋನಮ್ಮ ಲಚ್ಚಮ್ಮನ ತೋಳು ಹಿಡಿದಳು. "ಮನಿಷಾನ ಹೆರಿಗಿ ಮಾಡ್ಸಿದಾಕಿ ಆಕೀನೇ!"

ಹದಿನಾಲ್ಕರ ಬೆಳಿಗ್ಗೆ ಶಕುಂತಲಾಬಾಯಿ ತಾನೇ ಬಾಗಿಲು ತೆರೆದಳು. ಪೊಲೀಸರಿಗೆ ಮೊದಲು ನೀರು ಕೊಟ್ಟಳು.

"ಮನಿಷಾನೇ ಯಾಕ?" ಲಚ್ಚಮ್ಮ ಕೇಳಿದಳು.

"ನನ್ನ ಮಾತು ಮೀರಂಗಿಲ್ಲ. ರಕ್ತ ಕೊಟ್ಟಂಗ ಅಂದೆ. ದೀಪ್ತಿ ಅಳೋದು ನೋಡಿ ಹೂಂ ಅಂದ್ಲು. ತಾಂಡೂರಿನ ಕ್ಲಿನಿಕ್ಕಿಗಿ ಕರಕೊಂಡು ಹೋದೆ."

"ಕ್ಲಿನಿಕ್ಕಿನವರು ವಯಸ್ಸು, ಮದುವಿ ಕೇಳಲಿಲ್ಲೇನು?"

"ಸೊಸಿ ಆಧಾರ್ ತೋರಿಸಿ ಈಕೀನೇ ಆಕಿ ಅಂದೆ. ಮೊಮ್ಮಗನ್ನ ಮನಿಷಾನ ಕಂಕುಳಾಗ ಕೊಟ್ಟೆ."

"ಹೊಟ್ಟಿ ಬ್ಯಾನಿ ಅಂತ ಮನಿಷಾ ಫೋನ್ ಮಾಡಿದಳೇನು?"

ಶಕುಂತಲಾಬಾಯಿ ನೀರಿನ ಲೋಟ ಪಕ್ಕಕ್ಕೆ ಸರಿಸಿದಳು. "ಮಾಡಿದ್ಲು. ನೀರು ಕುಡಿ ಅಂದೆ. ದವಾಖಾನಿಗಿ ಹೋದರ ಎಲ್ಲಾ ಹೊರಗ ಬರತಿತ್ತು."

ವಂಚನೆ, ಸುಳ್ಳು ಗುರುತಿನ ಆರೋಪದ ಮೇಲೆ ಲಚ್ಚಮ್ಮ ಅವಳನ್ನು ಬಂಧಿಸಿದಳು. ಹೇಳಿಕೆಯ ಕೊನೆಯಲ್ಲಿ ಸೋಮಶೇಖರ ಬರೆದದ್ದು ಇಷ್ಟು: ಆರೋಪಿಯ ಮಗಳ ಅಂಡಾಶಯ ಚಿಕ್ಕ ವಯಸ್ಸಿಗೇ ಬತ್ತಿದೆ. ಅಳಿಯ ಸಂಜೀವನಿಗೆ ಮನೆಯವರು ಬೇರೆ ಹೆಣ್ಣು ನೋಡುತ್ತಿದ್ದಾರೆ. ಆರೋಪಿ ಬದುಕಿಡೀ ಊರ ಹೆರಿಗೆ ಮಾಡಿಸಿದವಳು.

ಮಧ್ಯಾಹ್ನ ಮೋನಮ್ಮ ಠಾಣೆಗೆ ಬಂದಳು. ಕೈಯಲ್ಲಿ ಮಗಳಿಗೆಂದು ಕಟ್ಟಿದ ಬುತ್ತಿ. ಬೆಂಚಿನ ಮೇಲೆ ಶಕುಂತಲಾಬಾಯಿ ಕೂತಿದ್ದಳು. ತರಿಸಿಕೊಟ್ಟ ಚಹಾ ಅವಳು ಮುಟ್ಟದೆ ಕೆನೆಗಟ್ಟಿತ್ತು.

"ಸಿಸ್ಟರ್, ನನ್ನ ಮಗಳು ಮುಂದ ತಾಯಿ ಆಗ್ತಾಳೇನು?"

"ಆಗ್ತಾಳ ಮೋನಮ್ಮ. ಹೊಟ್ಟಿ ನೀರು ಇಳಿದ ಮ್ಯಾಲ ಎಲ್ಲಾ ಮೊದಲಿನಂಗ ಆಗ್ತದ." ತಲೆ ಮಾತ್ರ ಮೇಲೇಳಲಿಲ್ಲ.

ಮೋನಮ್ಮ ಬೆಂಚಿನ ತುದಿಗೆ ಕೂತಳು. ಆಮೇಲೆ ಬುತ್ತಿಯ ಗಂಟು ಬಿಚ್ಚಿ, ಎರಡು ಜೋಳದ ರೊಟ್ಟಿಯ ನಡುವೆ ಪುಂಡಿಪಲ್ಯ ಇಟ್ಟು, ಶಕುಂತಲಾಬಾಯಿಯ ಕೈಗೆ ಕೊಟ್ಟು, ಉಳಿದದ್ದನ್ನು ಕಟ್ಟಿಕೊಂಡು ದವಾಖಾನೆಯ ದಾರಿ ಹಿಡಿದಳು.