ಬೆಟ್ಟದ ನೆತ್ತಿಯ ಚುಕ್ಕಿಗೆರೆ

"ಈ ಗೆರೆ ಎಳೆದದ್ದು ನೀವೇನಾ?"

ಬಸ್ಸಿಳಿದವಳ ಮುಖದೆದುರು ನಕ್ಷೆ ಹಿಡಿದು ಅವನು ಕೇಳಿದ ಮೊದಲ ಮಾತು ಅದು. ನಮಸ್ಕಾರವಿಲ್ಲ, ನಗುವಿಲ್ಲ!

"ಹೌದು... ನಾನೇ," ಎಂದಳು. 

ಅವಳು ಭೂಮಾಪನ ಕಚೇರಿಯಲ್ಲಿ ನಕ್ಷೆ ಬಿಡಿಸುವವಳು. ಕಚೇರಿಯವರು ಅವಳಿಗಿಟ್ಟ ಅಡ್ಡಹೆಸರು 'ಸ್ಕೇಲು'. ಅಷ್ಟು ಕರಾರುವಾಕ್ಕು. ಹಳೆಯ ನಕ್ಷೆಯೊಂದನ್ನು ನೋಡಿ, ಬೆಟ್ಟಸಾಲಿನ ನೆತ್ತಿಯುದ್ದಕ್ಕೂ ಕಾಲುದಾರಿಯ ಚುಕ್ಕಿಗೆರೆ ಎಳೆದಿದ್ದಳು. ಅದನ್ನು ನಂಬಿ ಹೋದ ಶಾಲಾಮೇಷ್ಟ್ರೊಬ್ಬರು ಪೊದೆಗಳ ನಡುವೆ ದಾರಿ ತಪ್ಪಿ, ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು.

ಆರು ತಿಂಗಳಾಯಿತು. ಅಂದಿನಿಂದ ಅವಳಿಗೆ ನೆಮ್ಮದಿಯಿಲ್ಲ. ಮೇಷ್ಟ್ರು ಆಸ್ಪತ್ರೆಯಲ್ಲಿದ್ದಷ್ಟು ಕಾಲವೂ ಭಾನುವಾರ ತಪ್ಪಿಸದೆ ಹೋಗಿ, ಅವರ ಪಕ್ಕ ಕುಳಿತು ಪೇಪರ್ ಓದಿ ಹೇಳಿ ಬರುತ್ತಿದ್ದಳು.

ಎದುರು ನಿಂತಿದ್ದವನು ಆ ಮೇಷ್ಟ್ರ ಅಣ್ಣ. ಬೆಟ್ಟದ ತುದಿಯ ರೇಡಿಯೋ ಟವರಿನ ಮೆಕ್ಯಾನಿಕ್. 'ಗೆರೆ ಎಳೆದವರೇ ಬಂದು ನಡೆದು ನೋಡಲಿ' ಎಂದು ಕಚೇರಿಗೆ ಪತ್ರ ಬರೆದವನೂ ಇವನೇ.

"ದಾರಿ ಕಾಣಲ್ಲ. ಪೊದೆ ಕಡ್ಕೊಂಡೇ ಹೋಗ್ಬೇಕು. ರಾತ್ರಿ ಮೇಲೇ ಉಳೀಬೇಕು. ಆಗುತ್ತಾ?"

"ಆಗದೆ ಏನು!" ಎಂದಳು. 

ಅವನು ಮಚ್ಚು ಬೀಸುತ್ತ ಮುಂದೆ, ಅವಳು ಹಿಂದೆ. ಎದೆಮಟ್ಟ ಬೆಳೆದ ಜರಿಗಿಡ, ಹೆಜ್ಜೆಹೆಜ್ಜೆಗೂ ಬಟ್ಟೆ ಹಿಡಿದೆಳೆಯುವ ಮುಳ್ಳು.  ಅಡ್ಡ ಬಂದ ಪ್ರತಿ ಕೊಂಬೆಯನ್ನೂ ಅವನು ಅವಳು ದಾಟುವವರೆಗೆ ಹಿಡಿದು ನಿಲ್ಲುತ್ತಿದ್ದ.

"ಕೈ ತೋರ್ಸಿ."

"ಏನಿಲ್ಲ, ಬರೀ ಗೀರು..."

"ತೋರ್ಸಿ ಅಂದೆ!"

ಗದರುತ್ತಲೇ ಮುಲಾಮು ಹಚ್ಚಿದ. ದನಿ ಒರಟು, ಬೆರಳು ಮಾತ್ರ ಹೂವಿನಷ್ಟು ಹಗುರ.

'ಇವನಿಗೆ ನನ್ನ ಮೇಲಿರೋದು ಸಿಟ್ಟಾ, ಕಾಳಜಿಯಾ? ಮುಲಾಮು ಹಚ್ಚಿಸಿಕೊಂಡರೆ ನನ್ನ ಎದೆ ಯಾಕೆ ಹೀಗೆ ಹೊಡ್ಕೋಬೇಕು?'

ಒಂದೂ ಅರ್ಥವಾಗಲಿಲ್ಲ.

ಸಂಜೆ ಬಂಡೆಯ ಮರೆಯಲ್ಲಿ ಎರಡು ಪುಟ್ಟ ಡೇರೆ ಎದ್ದವು. ಅವನು ತನ್ನ ಒಣ ಕಾಲುಚೀಲ ತಂದು ಅವಳ ಮುಂದಿಟ್ಟ.

"ನನ್ನ ಮೇಲೆ ಸಿಟ್ಟಿದೆಯಾ?" ಕೇಳಿಯೇಬಿಟ್ಟಳು.

ಅವನು ಎದ್ದು ಅವಳ ಡೇರೆಯ ಹಗ್ಗವನ್ನು ಇನ್ನೊಮ್ಮೆ ಬಿಗಿದ. 

"ಮಲ್ಕೊಳ್ಳಿ. ಬೆಳಗ್ಗೆ ಬೇಗ ಏಳ್ಬೇಕು."

ಇದೂ ಒಂದು ಉತ್ತರವಾ!

ಬೆಳಗಾದಾಗ ಮಂಜು ಬೆಟ್ಟವನ್ನೇ ನುಂಗಿತ್ತು. ಹತ್ತು ಹೆಜ್ಜೆ ನಡೆದಿರಬೇಕು, ಅವಳ ಬೂಟು ಕಲ್ಲಿಗೆ ತಾಗಿತು. ಬಗ್ಗಿ ಪಾಚಿ ಕೆರೆದಳು. ಕಡಿದು ಕೂರಿಸಿದ ಮೆಟ್ಟಿಲು! ಅದರ ಮೇಲೊಂದು... ಮತ್ತೊಂದು...

"ದಾರಿ ಇತ್ತು! ನೋಡಿ, ಇಲ್ಲಿ ದಾರಿ ಇತ್ತು! ನಾನು ಸುಳ್ಳು ಗೆರೆ ಎಳೆದಿಲ್ಲ!"

ಕೂತಲ್ಲೇ ಬಿಕ್ಕಿಬಿಕ್ಕಿ ಅತ್ತಳು.

ಅವನಿಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ. ಆಗಲೇ ಅವಳ ಕಣ್ಣಿಗೆ ಬಿದ್ದದ್ದು ಪಕ್ಕದ ಕೊಂಬೆಗಳು. ಕಡಿದು ಎಷ್ಟೋ ದಿನವಾಗಿ ಎಲೆಗಳೆಲ್ಲ ಒಣಗಿದ್ದವು.

"ಇಲ್ಲಿ ಮೊದಲೇ ಯಾರೋ..."

"ನಾನೇ. ಹದಿನೈದು ದಿನದ ಹಿಂದೆ, ಟವರ್ ಕಡೆಯಿಂದ ಇಳಿದು ಬಂದಿದ್ದೆ."

"ಗೊತ್ತಿದ್ದೂ ಹೇಳ್ಲಿಲ್ವಾ? ಆರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ ನಾನು! ನಿಮಗಿದು ಆಟನಾ?"

ಚೀಲ ಹೆಗಲಿಗೇರಿಸಿ ದಡದಡನೆ ಹೊರಟೇಬಿಟ್ಟಳು. ಮಂಜಿನಲ್ಲಿ ಯಾವ ಕಡೆ ಎಂದು ಅವಳಿಗೇ ತಿಳಿಯಲಿಲ್ಲ.

"ನಿಲ್ಲಿ! ಅಲ್ಲಾಡ್ಬೇಡಿ! ಮುಂದೆ ಕಂದಕ ಇದೆ!"

ಅವನ ದನಿ ಒಡೆದಿತ್ತು. ಅವಳು ಕಲ್ಲಾದಳು. ಕಾಲ ಬಳಿಯ ಮಂಜು ಸರಿದಾಗ ಕೆಳಗೆ ನೆಲವೇ ಇರಲಿಲ್ಲ! ಹಿಂದಿನಿಂದ ಬಂದ ಕೈ ಅವಳ ಕೈ ಹಿಡಿದು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡಿತು. 

"ಯಾಕೆ ಹೇಳ್ಲಿಲ್ಲ?" ಈ ಬಾರಿ ಅವಳ ದನಿ ಮೆತ್ತಗಿತ್ತು.

"ಕಾಗದದಲ್ಲಿ ಬರೆದಿದ್ರೆ ನಿಮಗೆ ಸಮಾಧಾನ ಆಗ್ತಿತ್ತು. ಆದ್ರೆ ನೀವು ಬರ್ತಿರ್ಲಿಲ್ಲ."

"ನಾನು ಯಾಕೆ ಬರ್ಬೇಕಿತ್ತು?"

ಅವನು ತಲೆ ತಗ್ಗಿಸಿದ. "ಭಾನುವಾರ ನಾನೂ ಆಸ್ಪತ್ರೆಗೆ ಬರ್ತಿದ್ದೆ. ವಾರ್ಡಿನ ಬಾಗಿಲವರೆಗೆ. ನೀವು ಒಳಗೆ ಪೇಪರ್ ಓದ್ತಿರ್ತಿದ್ರಿ... ಹಾಗೇ ವಾಪಸ್ ಹೋಗ್ತಿದ್ದೆ."

"ಬೈಯೋಕೆ ಬರ್ತಿದ್ರಾ?"

"ಮೊದಲ ವಾರ ಬೈಯೋಕೇ ಬಂದೆ."

"ಆಮೇಲೆ?"

"ಆಮೇಲೆ... ಶರ್ಟು ಇಸ್ತ್ರಿ ಮಾಡ್ಕೊಂಡು ಬರೋಕೆ ಶುರು ಮಾಡಿದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ನಿಮ್ಮನ್ನ ಕಂಡ್ರೆ ಮಾತೇ ಹೊರಡಲ್ಲ, ಬರೀ ಗದರಿಕೆ ಬರುತ್ತೆ. ನಿನ್ನೆಯಿಂದ ಅದೇ ಆಗಿದ್ದು. ನಿಮ್ಮ ನೋವು ತಿಳಿದೂ ಸುಮ್ನಿದ್ದೆ, ಅದು ನನ್ನ ತಪ್ಪು. ಆದ್ರೆ... ನಂಗೆ ನೀವು ಬೇಕು."

 ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ನಂಗೆ ಇನ್ನೂ ಸಿಟ್ಟಿದೆ."

"ಎಷ್ಟು ಹೊತ್ತು ಇರುತ್ತೆ?"

"ಕೆಳಗೆ ಇಳಿಯೋವರೆಗೆ."

"ಹಾಗಾದ್ರೆ ಬೇಗ ಇಳಿಯೋಣ!"

"ಬೇಡ..." ಅವಳು ಅವನ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ನಿಧಾನವಾಗೇ ಇಳಿಯೋಣ. ನಂಗೇನೂ ಅವಸರ ಇಲ್ಲ."