ಪಾಠ ಹೇಳಿದ ಆಕಳಿಕೆ

ಹನ್ನೆರಡು ಮಂದಿ ಉಪಸಂಪಾದಕರು ಒಂದೇ ಕ್ಷಣಕ್ಕೆ ಬಾಯಿ ತೆರೆದು ಆಕಳಿಸಿದರು. ಯಾರಿಗೂ ನಿದ್ದೆ ಬಂದಿರಲಿಲ್ಲ. ಬೆಳಗಿನ ಹತ್ತೂವರೆ, ಉಪ್ಪಿಟ್ಟು-ಶಿರಾ ತಿಂದು, ಚಹಾ ಕುಡಿದು ಬಂದು ಕೂತಿದ್ದರು. ನಿಜ ಹೇಳಬೇಕೆಂದರೆ ಆ ಆಕಳಿಕೆ ಅವರದ್ದೇ ಅಲ್ಲ. ಹನ್ನೊಂದು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಒಂದು ಲೇಖನ ಹಿಡಿದುಕೊಂಡು ಆಕಳಿಸಿದ್ದರು. ಅದೇ ಆಕಳಿಕೆ ಈಗ ಇವರ ಬಾಯಿಗೆ ಬಂದಿತ್ತು.

“ವೆರಿ ಗುಡ್! ಎರಡನೇ ಪ್ಯಾರಾ, ನಾಲ್ಕನೇ ಸಾಲು,” ಎಂದರು ಡಾ. ತಾಂಡವಮೂರ್ತಿ. “ಓದುಗ ಇಲ್ಲಿ ಪತ್ರಿಕೆ ಕೆಳಗಿಟ್ಟ. ಎಲ್ಲರೂ ಕೆಂಪು ಗುರುತು ಹಾಕ್ಕೊಳಿ.”

ಹನ್ನೆರಡು ಕೆಂಪು ಪೆನ್ನುಗಳು ವಿಧೇಯವಾಗಿ ಓಡಿದವು.

ಇಸವಿ 2058. ಊರು ಹುಬ್ಬಳ್ಳಿ. ಕಚೇರಿ ‘ಬುತ್ತಿ’ ಎಂಬ ವಾರಪತ್ರಿಕೆಯದು. ಮೂರನೆಯ ಮಹಡಿಯ ಸಭಾಂಗಣದಲ್ಲಿ ನಡೆಯುತ್ತಿದ್ದದ್ದು ಪತ್ರಿಕಾ ಸಿಬ್ಬಂದಿಯ ವಾರ್ಷಿಕ ‘ವೃತ್ತಿ ವಿಕಾಸ ಶಿಬಿರ’. ಹೆಸರು ಕೇಳಿದರೇ ವಿಕಾಸವೆಲ್ಲ ನಿಂತುಹೋಗಬೇಕು, ಅಂಥ ಹೆಸರು. ಹಿಂದೆಲ್ಲ ಈ ಶಿಬಿರಗಳಲ್ಲಿ, ಜನ್ಮದಲ್ಲಿ ಒಂದು ಪತ್ರಿಕೆಯನ್ನೂ ನಡೆಸದ ಮಹಾಶಯರೊಬ್ಬರು ಬಂದು ಗೋಡೆಗೆ ಬಣ್ಣಬಣ್ಣದ ಚೀಟಿ ಅಂಟಿಸಿ, ಎಲ್ಲರನ್ನೂ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿ, ಸೆಣಬಿನ ಚೀಲ, ಪೆನ್ನು, ಪ್ರಮಾಣಪತ್ರ ಹಂಚಿ, ಗ್ರೂಪ್ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಆಮೇಲೆ ವಿಜ್ಞಾನ ಬಂತು. ಚೀಲ, ಪೆನ್ನು, ಫೋಟೋ ಹಾಗೇ ಉಳಿದವು.

ವಿಜ್ಞಾನ ಎಂದರೆ ‘ಓದುಗ ಪಟ್ಟಿ’. ನಾವು ಏನನ್ನಾದರೂ ಓದುವಾಗ ನಮ್ಮ ಗಮನ ಏರುತ್ತದೆ, ಇಳಿಯುತ್ತದೆ. ಅದರ ಜೊತೆಗೆ ಮೆದುಳಿನಲ್ಲಿ ಅತಿ ಸಣ್ಣ ವಿದ್ಯುತ್ ಅಲೆಗಳು ಏಳುತ್ತವೆ, ಬೀಳುತ್ತವೆ. ಮೈಸೂರಿನ ತಾಂಡವಮೂರ್ತಿ ಈ ಅಲೆಗಳನ್ನು ದಾಖಲಿಸಿ, ಬೆಳ್ಳಿ ಎಳೆಗಳ ಒಂದು ಪಟ್ಟಿಯ ಮೂಲಕ ಇನ್ನೊಬ್ಬರ ತಲೆಯಲ್ಲಿ ಇದ್ದ ಹಾಗೇ ಎಬ್ಬಿಸುವುದನ್ನು ಕಂಡುಹಿಡಿದರು. ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ಅದೇ ಸಂಚಿಕೆಯ ಪುಟ ತಿರುವುತ್ತ ಹೋದರೆ ಆ ಓದುಗರ ಆಸಕ್ತಿ ನಿಮ್ಮ ಆಸಕ್ತಿ, ಅವರ ಬೇಸರ ನಿಮ್ಮ ಬೇಸರ. ಹನ್ನೊಂದು ವರ್ಷದ ಹಿಂದೆ ನಲವತ್ತು ಓದುಗರನ್ನು ಕೂಡಿಸಿ ‘ಬುತ್ತಿ’ಯ ಒಂದು ಸಂಚಿಕೆ ಓದಿಸಿ ದಾಖಲೆ ಮಾಡಿದ್ದರು. ಆ ನಲವತ್ತು ಜನರ ಬೇಸರವೇ ನಾಡಿನ ಅರವತ್ತು ಪತ್ರಿಕೆಗಳಿಗೆ ಪಠ್ಯಪುಸ್ತಕವಾಯಿತು. ಕೊನೆಯ ದಿನ ಪಟ್ಟಿ ಬಿಚ್ಚಿಟ್ಟು ಪರೀಕ್ಷೆ: ಹೊಸ ಲೇಖನವೊಂದರಲ್ಲಿ ಓದುಗ ಎಲ್ಲೆಲ್ಲಿ ಆಕಳಿಸುತ್ತಾನೆಂದು ಗುರುತು ಹಾಕಬೇಕು. ನೂರಕ್ಕೆ ಎಂಬತ್ತು ಬಂದರೆ ಪಾಸು.

ಹದಿಮೂರನೆಯವರೊಬ್ಬರು ಆಕಳಿಸಿರಲಿಲ್ಲ, ಹಲ್ಲು ಕಚ್ಚಿ ತಡೆದುಕೊಂಡಿದ್ದರು. ಅವರು ರಂಜಿತಾ ಮೇಟಿ, ವಯಸ್ಸು ಐವತ್ನಾಲ್ಕು. ಪತ್ರಿಕೆಯಲ್ಲಿ ‘ಕೈಕಸುಬು’ ಎಂಬ ಅಂಕಣ ನೋಡಿಕೊಳ್ಳುವವರು. ದುಡಿಯುವ ಜನ ತಮ್ಮ ಕೆಲಸದ ಬಗ್ಗೆ ತಾವೇ ಬರೆಯುವ ಅಂಕಣ ಅದು. ಪಾತ್ರೆಗೆ ಕಲಾಯಿ ಹಾಕುವವರು, ಹೆರಿಗೆ ವಾರ್ಡಿನ ಆಯಾ, ಹತ್ತಿ ಮಾರುಕಟ್ಟೆಯ ಹಮಾಲರು, ಹೀಗೆ. ಒಂದು ಕಾಲಕ್ಕೆ ನಾಲ್ಕು ಪುಟ ಬರುತ್ತಿತ್ತು. ಶಿಬಿರದಿಂದ ಶಿಬಿರಕ್ಕೆ ಸವೆದು ಈಗ ಅರ್ಧ ಪುಟಕ್ಕೆ ಬಂದಿತ್ತು, ಅದರಲ್ಲೂ ಮುಕ್ಕಾಲು ಭಾಗ ಚಿತ್ರ. ರಂಜಿತಾ ಎರಡು ವರ್ಷ ಸತತ ನಪಾಸಾಗಿದ್ದರು. ಈ ಶುಕ್ರವಾರವೂ ನಪಾಸಾದರೆ ಅವರ ಕುರ್ಚಿ ಹೋಗುತ್ತದೆ, ‘ಕೈಕಸುಬು’ ಮುಚ್ಚುತ್ತದೆ. ಹಾಗೆಂದು ವ್ಯವಸ್ಥಾಪಕ ಸಂಪಾದಕ ಚಿರಾಗ ದೇಶಪಾಂಡೆ ನಗುನಗುತ್ತಲೇ ಹೇಳಿದ್ದರು.

ಈ ವರ್ಷ ಶಿಬಿರದಲ್ಲೊಂದು ಸುಧಾರಣೆಯಾಗಿತ್ತು. ಇಷ್ಟು ದಿನ ನಲವತ್ತು ಜನರ ಅಲೆಗಳನ್ನು ಕಲಸಿ ಸರಾಸರಿ ತೆಗೆದು ಕೊಡುತ್ತಿದ್ದರು. ಈಗ ಒಬ್ಬೊಬ್ಬ ಓದುಗರನ್ನೂ ಬೇರೆಬೇರೆಯಾಗಿ ಕಟ್ಟಿಕೊಳ್ಳಬಹುದಿತ್ತು. ಹೆಸರು ಗುಟ್ಟು, ಬರೀ ನಂಬರು. ಬುಧವಾರ ಮಧ್ಯಾಹ್ನ ರಂಜಿತಾ ಹದಿನೇಳನೆಯ ನಂಬರನ್ನು ಕಟ್ಟಿಕೊಂಡರು.

ಸಂಚಿಕೆ ಕೈಗೆತ್ತಿಕೊಂಡರೋ ಇಲ್ಲವೋ, ಬೇಸರ ಶುರುವಾಯಿತು. ಇನ್ನೂ ಮುಖಪುಟವನ್ನೇ ನೋಡಿಲ್ಲ! ಸಂಪಾದಕೀಯ ಬಂತು, ಹೋಯಿತು. ಕತೆ ಬಂತು, ಹೋಯಿತು. ತಾವೇ ಹನ್ನೊಂದು ವರ್ಷದ ಹಿಂದೆ ತಿದ್ದಿದ್ದ ಕಲಾಯಿಯವರ ಬರಹ ಬಂತು. ಒಳಗೆ ಒಂದು ಮಿಣುಕೂ ಇಲ್ಲ. ಹಾಗೆ ಮೂವತ್ತೆಂಟನೆಯ ಪುಟಕ್ಕೆ ಬಂದಾಗ ಎದೆ ಒಮ್ಮೆಲೇ ಡವಡವ ಹೊಡೆದುಕೊಂಡಿತು. ಅಬ್ಬಾ, ಎಂಥ ಆಸಕ್ತಿ! ಅದು ‘ಸಭೆ-ಸಮಾರಂಭ’ದ ಪುಟ. ಕಣ್ಣು ಫೋಟೋದಿಂದ ಫೋಟೋಕ್ಕೆ, ಮೊದಲ ಸಾಲಿನ ಕುರ್ಚಿಯಿಂದ ಕುರ್ಚಿಗೆ ಓಡಿತು. ಏನನ್ನೋ ಹುಡುಕಿತು. ಸಿಗಲಿಲ್ಲ. ಪಿಚ್ಚೆನಿಸಿತು. ಕೈ ಪತ್ರಿಕೆಯನ್ನು ಮುಚ್ಚಿತು.

ರಂಜಿತಾ ಪಟ್ಟಿ ಬಿಚ್ಚಿದರು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತನ್ನೂ ಕಟ್ಟಿಕೊಂಡು ನೋಡಿದರು. ಇಪ್ಪತ್ತನೆಯವರು ತಮ್ಮ ಅಂಗಡಿಯ ಜಾಹೀರಾತು ಸರಿಯಾಗಿ ಬಂದಿದೆಯೇ ಎಂದು ನೋಡಿ ಪತ್ರಿಕೆ ಕೆಳಗಿಟ್ಟಿದ್ದರು. ಉಳಿದವರದ್ದು ಮೂವತ್ತೆಂಟನೆಯ ಪುಟದ ಕತೆಯೇ.

“ಸರ್, ಈ ಮಂದಿ ಯಾರು?” ಎಂದು ನೇರವಾಗಿ ಕೇಳಿದರು.

“ಹೆಸರೆಲ್ಲಾ ಹೇಳೋ ಹಾಗಿಲ್ಲ ಮೇಡಂ,” ಎಂದರು ತಾಂಡವಮೂರ್ತಿ. “ನಿಮ್ಮ ಆಫೀಸಿಂದಲೇ ಹೆಸರಿನ ಪಟ್ಟಿ ಕೊಟ್ರು, ನಾನು ಕರೆಸ್ದೆ. ಓದುಗರು ಅಂದ್ರೆ ಓದುಗರು. ಯಂತ್ರಕ್ಕೆ ಭೇದ ಇಲ್ಲ.”

“ಯಂತ್ರಕ್ಕ ಇಲ್ಲ ಬಿಡ್ರಿ. ಪಟ್ಟಿ ಕೊಟ್ಟಾವ್ರಿಗೆ ಇತ್ತೋ ಏನೋ,” ಎಂದು ರಂಜಿತಾ ಎದ್ದರು.

ಈ ಕಟ್ಟಡದ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ವಾಹನ ನಿಲ್ಲಿಸುವ ನೆಲಮಾಳಿಗೆಯಿಂದ ಹೊರಟ ಲಿಫ್ಟು ನೆಟ್ಟಗೆ ಮೂರನೆಯ ಮಹಡಿಯಲ್ಲಿ ನಿಲ್ಲುತ್ತದೆ. ನೆಲಮಹಡಿಯಲ್ಲಿರುವುದು ಪ್ರಸರಣ ವಿಭಾಗ, ಅಂದರೆ ಪತ್ರಿಕೆಯನ್ನು ಲಕೋಟೆಗೆ ಹಾಕಿ, ವಿಳಾಸ ಅಂಟಿಸಿ, ಚಂದಾದಾರರಿಗೆ ಕಳಿಸುವ ವಿಭಾಗ. ಸಂಪಾದಕೀಯದವರು ಅಲ್ಲಿಗೆ ಹೋಗುವುದಿಲ್ಲ. ಹೋಗಬಾರದೆಂದು ಯಾರೂ ಹೇಳಿಲ್ಲ. ಸಾಹಿತ್ಯ, ಸಂಸ್ಕೃತಿ, ಸಮಾಜ ಎಂದು ಬರೆಯುವವರು ಗೋಂದಿನ ವಾಸನೆ ಯಾಕೆ ಕುಡಿಯಬೇಕು? ಅಷ್ಟೇ ಕಾರಣ. ರಂಜಿತಾ ಕೂಡ ಹಬ್ಬಕ್ಕೊಮ್ಮೆ ಪೇಢೆ ಕೊಡಲು ಬಾಗಿಲವರೆಗೆ ಬಂದು ಹೋದವರೇ ಹೊರತು ಒಳಗೆ ಕೂತವರಲ್ಲ. ಅಂದು ಮೆಟ್ಟಿಲಿಳಿದು ಹೋದರು.

ಪ್ರಸರಣದ ಇಮ್ತಿಯಾಜ್ ನದಾಫ ಕನ್ನಡಕ ಮೇಲೇರಿಸಿ ನೋಡಿದರು.

“ಅಣ್ಣಾರ, ಹನ್ನೊಂದು ವರ್ಷದ ಹಿಂದ ಮ್ಯಾಲಿನವರು ನಿಮ್ಮ ಕಡೆ ಓದುಗರ ಪಟ್ಟಿ ಇಸ್ಕೊಂಡಿದ್ರೇನ್ರಿ?”

“ನನ್ನ ಕಡೆ? ಮೇಟಿ ಅಕ್ಕಾರ, ಚಂದಾದಾರರ ಪಟ್ಟಿ ಕೇಳಾಕ ಇವತ್ತಿನತನಕ ಒಂದ ನರಪಿಳ್ಳೆ ಕೆಳಗ ಇಳದಿಲ್ಲ. ಮ್ಯಾಲೆ ಅವರ ಕಂಪ್ಯೂಟರಿನ್ಯಾಗ ಇರೂದು ಒಂದ ಪಟ್ಟಿ, ಗೌರವ ಪ್ರತಿ ಪಟ್ಟಿ.”

ಗೌರವ ಪ್ರತಿ ಎಂದರೆ ಪುಕ್ಕಟೆ ಹೋಗುವ ಪ್ರತಿ. ನಿವೃತ್ತ ಅಧಿಕಾರಿಗಳು, ಜಾಹೀರಾತು ಕೊಡುವ ಅಂಗಡಿಯವರು, ಸಂಘಗಳ ಅಧ್ಯಕ್ಷರು, ಬೇರೆ ಪತ್ರಿಕೆಗಳ ಸಂಪಾದಕರು. ಇಂಥವರಿಗೆ ವಾರವಾರ ಮುಟ್ಟುತ್ತದೆ.

“ಅವರು ಓದ್ತಾರೇನ್ರಿ?”

ಇಮ್ತಿಯಾಜ್ ಜೋರಾಗಿ ನಕ್ಕರು. ಮೂಲೆಯಲ್ಲಿದ್ದ ಒಂದು ಕಟ್ಟನ್ನು ಎಳೆದು ಮುಂದಿಟ್ಟರು. “ಇವನ್ನ ರದ್ದಿ ಅಂಗಡಿಯವ ತಂದು ಕೊಡ್ತಾನ. ನೋಡ್ರಿ, ಲಕೋಟಿ ಸೈತ ಬಿಚ್ಚಿಲ್ಲ. ಹೆಸರಿನ ಚೀಟಿ ತಗದು ಬ್ಯಾರೆಯವರಿಗೆ ಕಳಸ್ತೇನಿ. ಒಂದ ಪ್ರತಿ ಮೂರು ಗಣ್ಯರ ಮನಿ ಅಡ್ಡಾಡಿ ಮತ್ತ ನನ್ನ ಕಡೆನ ಬಂದದ್ದೂ ಐತಿ!”

ರಂಜಿತಾಗೆ ನಗು ಬರಲಿಲ್ಲ. ನಾಲ್ಕು ಪುಟ ಅರ್ಧ ಪುಟವಾದದ್ದು ಈ ಲಕೋಟೆಗಳ ವಿಳಾಸದವರ ಬೇಸರದಿಂದ ಎಂದು ತಿಳಿದು ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಚಂದಾದಾರರ ಸಂಖ್ಯೆಯೂ ಹನ್ನೊಂದು ವರ್ಷದಲ್ಲಿ ನಲವತ್ತು ಸಾವಿರದಿಂದ ಮೂರು ಸಾವಿರಕ್ಕೆ ಇಳಿದಿತ್ತು. ಅದಕ್ಕೂ ಮೇಲಿನವರು ಕಂಡುಕೊಂಡಿದ್ದ ಮದ್ದು ಒಂದೇ, ಇನ್ನೊಂದು ಶಿಬಿರ.

ಶುಕ್ರವಾರ ಪರೀಕ್ಷೆಗೆ ಮೊದಲು ರಂಜಿತಾ ಆ ಕಟ್ಟನ್ನು ತಂದು ದೇಶಪಾಂಡೆಯವರ ಮೇಜಿನ ಮೇಲೆ ಇಟ್ಟರು. ತಾಂಡವಮೂರ್ತಿಯೂ ಅಲ್ಲೇ ಇದ್ದರು. ವಿಷಯ ಕೇಳಿದ ಅವರು ತಮ್ಮ ಯಂತ್ರದಲ್ಲಿದ್ದ ಹೆಸರುಗಳನ್ನು ಕಚೇರಿಯ ಗೌರವ ಪ್ರತಿ ಪಟ್ಟಿಯೊಂದಿಗೆ ಹೊಂದಿಸಿ ನೋಡಿದರು. ನಲವತ್ತಕ್ಕೆ ನಲವತ್ತೂ ಅಲ್ಲಿದ್ದವು.

“ಪಟ್ಟಿ ಕೊಟ್ಟಾಂವ ನಾನ,” ಎಂದರು ದೇಶಪಾಂಡೆ, ಸ್ವಲ್ಪವೂ ಅಳುಕದೆ. “ಏನ್ ತಪ್ಪಾತು? ಸಮಾಜದಾಗ ಹೆಸರಿದ್ದವರು. ಕರದ ಕೂಡ್ಲೆ ಬಂದ್ರು, ಚಹಾ ಕುಡದು, ಫೋಟೋ ತಗಿಸ್ಕೊಂಡು ಹೋದ್ರು. ಚಂದಾದಾರರು ಯಾರು ಅಂತ ನಮಗೇನ್ ಗೊತ್ರಿ?”

“ಅದನ್ನ ಗೊತ್ತು ಮಾಡ್ಕೊಳ್ಳಾಕ ಇತ್ತಲ್ರಿ ಯಂತ್ರ?” ಎಂದರು ರಂಜಿತಾ.

ತಾಂಡವಮೂರ್ತಿ ಎದ್ದರು. ಮನುಷ್ಯನಿಗೆ ನಾಚಿಕೆಯಾದರೂ ಇತ್ತು ಎನ್ನಬೇಕು. “ಒಬ್ಬರೇ ಒಬ್ರು ಚಂದಾದಾರರನ್ನ ತೋರಿಸಿ ಮೇಡಂ. ಈಗ್ಲೇ ದಾಖಲೆ ಮಾಡ್ತೀನಿ,” ಎಂದರು.

ಕೆಳಗೆ ಇಮ್ತಿಯಾಜರ ಮುಂದೆ ಒಬ್ಬ ಹೆಂಗಸು ಆಗಲೇ ನಿಂತಿದ್ದರು. ಕುಂದಗೋಳದ ಸುಮಂಗಲಾ ಕಡೇಮನಿ, ಮನೆಯಲ್ಲಿ ಬ್ಲೌಸ್ ಹೊಲಿಯುವವರು. ಹತ್ತೊಂಬತ್ತು ವರ್ಷದ ಚಂದಾ ನಿಲ್ಲಿಸಲು ಬಂದಿದ್ದರು. ಕಾಗದ ಬರೆದು ಹಾಕಿದರೆ ಸಾಕಿತ್ತು. ಇಷ್ಟು ವರ್ಷದ ಸಂಬಂಧ, ಬಂದು ಹೇಳಿ ಹೋಗೋಣ ಎನಿಸಿತಂತೆ. ಅವರನ್ನು ಮೇಲೆ ಕರೆತಂದು, ಪಟ್ಟಿ ಕಟ್ಟಿ, ಈ ವಾರದ ಸಂಚಿಕೆ ಕೈಗೆ ಕೊಟ್ಟರು. ಶಿಬಿರದ ಪಾಠದಂತೆ ಅಕ್ಷರಅಕ್ಷರವನ್ನೂ ತಿದ್ದಿ ತೀಡಿದ ಸಂಚಿಕೆ ಅದು. ಸುಮಂಗಲಾ ಓದಿ ಮುಗಿಸಿದರು. ಹದಿನೈದು ನಿಮಿಷವೂ ಹಿಡಿಯಲಿಲ್ಲ.

ತೆರೆಯ ಮೇಲಿನ ಗೆರೆ ನೋಡಿ ತಾಂಡವಮೂರ್ತಿ ತಲೆ ಕೆರೆದುಕೊಂಡರು. “ಇದು ಬೇಸರ ಅಲ್ಲ. ಆಸಕ್ತೀನೂ ಅಲ್ಲ. ಯಂತ್ರ ಕೆಟ್ಟೋಗಿದ್ಯೋ ಏನೋ.”

ದೇಶಪಾಂಡೆ ಆ ದಾಖಲೆ ಹಾಕಿಸಿ ಪಟ್ಟಿ ಕಟ್ಟಿಕೊಂಡು ಅದೇ ಸಂಚಿಕೆ ತೆರೆದರು. ಮೊದಲ ಪುಟಗಳನ್ನು ಸರಸರನೆ ದಾಟಿದರು, ಯಾರನ್ನೋ ನೋಡಲು ಹೊರಟವರ ಅವಸರದಲ್ಲಿ. ‘ಕೈಕಸುಬು’ ಬಂದಾಗ ಮುಖ ಅರಳಿತು. ನಾಲ್ಕು ಸಾಲು ಓದಿದರು, ಪುಟ ತಿರುವಿದರು. ಅಲ್ಲಿ ಏನೂ ಇರಲಿಲ್ಲ. ಹಿಂದಕ್ಕೆ ಬಂದರು. ಮತ್ತೆ ಮುಂದಿನ ಪುಟ ತಿರುವಿದರು. ಕೊನೆಯ ಪುಟದವರೆಗೂ ಹೋಗಿ ಮತ್ತೆ ಅಲ್ಲಿಗೇ ಬಂದರು. ಪಟ್ಟಿ ಬಿಚ್ಚಿದಾಗ ಅವರ ಕಣ್ಣು ಒದ್ದೆಯಾಗಿತ್ತು, ಏಕೆಂದು ಅವರಿಗೇ ತಿಳಿಯಲಿಲ್ಲ.

“ಏನಿದು?” ಎಂದರು.

“ಉಳದದ್ದು ಎಲ್ಲೈತಿ ಅಂತ ಹುಡುಕಾಕತ್ತಾರ್ರಿ,” ಎಂದರು ರಂಜಿತಾ. “ಹನ್ನೊಂದು ವರ್ಷದಿಂದ.”

ಸುಮಂಗಲಾ ಸೆರಗು ಸರಿಮಾಡಿಕೊಂಡರು. “ಹೌದ್ರಿ. ಆ ಆಯಾ ಬಾಯಿ ಬರದದ್ದು, ಕಲಾಯಿ ಅಜ್ಜ ಬರದದ್ದು ಎಲ್ಲಾ ನಮ್ಮ ಓಣ್ಯಾಗ ಓದಿ ಹೇಳ್ತಿದ್ದೆ. ಈಗ ಓದಾಕೇನೈತ್ರಿ? ಚಿತ್ರ ತೋರಿಸ್ಲೇನು?”

ಇಷ್ಟಾದ ಮೇಲೆ ಏನಾಗಿರಬೇಕೆಂದು ನೀವು ಊಹಿಸುತ್ತಿದ್ದೀರೋ ಅದು ಆಗಲಿಲ್ಲ. ದೇಶಪಾಂಡೆ ಕಣ್ಣೊರೆಸಿಕೊಂಡು, ಬಾಗಿಲು ಹಾಕಿಸಿ, ಮಾತು ಈ ಕೋಣೆಯಲ್ಲೇ ಉಳಿಯಲಿ ಎಂದರು. ನಾಲ್ಕು ಸಾವಿರ ಜನರಿಗೆ ಪ್ರಮಾಣಪತ್ರ ಕೊಟ್ಟಾಗಿದೆ. ಅರವತ್ತು ಸಂಪಾದಕರ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿಯಾಗಿದೆ. ಅವೆಲ್ಲ ಲಕೋಟೆ ಬಿಚ್ಚದವರ ಆಕಳಿಕೆಯಿಂದ ಬಂದವು ಎನ್ನಲಾದೀತೇ? ತಾಂಡವಮೂರ್ತಿ ಹಠ ಹಿಡಿದು ಮುಂದಿನ ಶಿಬಿರದಲ್ಲಿ ಸುಮಂಗಲಾರ ದಾಖಲೆಯನ್ನೂ ಒಂದು ಪಾಠವಾಗಿ ಇಟ್ಟರು. ಶಿಬಿರಾರ್ಥಿಗಳು ಎರಡೇ ನಿಮಿಷಕ್ಕೆ ಪಟ್ಟಿ ಬಿಚ್ಚಿ, ‘ಈ ಪಾಠದಿಂದ ಕಲಿಯುವಂಥದ್ದೇನೂ ಇಲ್ಲ, ಸುಮ್ಮನೆ ಮನಸ್ಸು ಕೆಡುತ್ತದೆ’ ಎಂದು ಅಭಿಪ್ರಾಯದ ಹಾಳೆಯಲ್ಲಿ ಬರೆದರು. ಪಾಠವನ್ನು ತೆಗೆದುಹಾಕಲಾಯಿತು. ಉಪ್ಪಿಟ್ಟಿಗೆ ಮಾತ್ರ ಐದಕ್ಕೆ ಐದು ಅಂಕ ಬಿತ್ತು.

ರಂಜಿತಾ ಆ ಶುಕ್ರವಾರ ಪರೀಕ್ಷೆಗೆ ಕೂತರು. ಯಾರ ಆಕಳಿಕೆ ಎಲ್ಲೆಲ್ಲಿ ಬರುತ್ತದೆಂದು ಈಗ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮನಸ್ಸು ಮಾಡಿದ್ದರೆ ನೂರಕ್ಕೆ ನೂರು ತೆಗೆಯಬಹುದಿತ್ತು. ಹಾಳೆಯ ಮೇಲೆ ಒಂದೂ ಗುರುತು ಹಾಕದೆ ಕೊಟ್ಟು ಎದ್ದು ಬಂದರು. ನಿಯಮದ ಪ್ರಕಾರ ‘ಕೈಕಸುಬು’ ಮುಚ್ಚಿತು. ನಿಯಮದ ಪ್ರಕಾರ ಅವರನ್ನು ಪ್ರಸರಣ ವಿಭಾಗಕ್ಕೆ ಕಳಿಸಿದರು. ಮೇಲಿನವರ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಇಮ್ತಿಯಾಜ್ ಗೋಡೆಯ ಬದಿಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟರು. ವಿಳಾಸದ ಚೀಟಿ ಅಚ್ಚು ಹಾಕುವ ಯಂತ್ರ ವಾರಕ್ಕೆ ನಾಲ್ಕು ದಿನ ಸುಮ್ಮನೆ ನಿಂತಿರುತ್ತಿತ್ತು. ಅದರಲ್ಲಿ ದೊಡ್ಡ ಹಾಳೆಯನ್ನೂ ಹಾಕಬಹುದೆಂದು ಅವರೇ ತೋರಿಸಿಕೊಟ್ಟರು. ಎರಡು ವಾರ ಕಳೆದ ಮೇಲೆ ಕುಂದಗೋಳದ ಒಂದು ಓಣಿಯಲ್ಲಿ, ಇಮ್ತಿಯಾಜರ ಮಾತಿಗೆ ಇನ್ನೊಂದು ತಿಂಗಳು ಚಂದಾ ಮುಂದುವರಿಸಿದ್ದ ಸುಮಂಗಲಾ ಲಕೋಟೆ ಹರಿದಾಗ, ‘ಬುತ್ತಿ’ಯ ಒಳಗಿನಿಂದ ಮಡಚಿದ ನಾಲ್ಕು ಪುಟ ಕೆಳಗೆ ಬಿತ್ತು. ಮೇಲ್ಗಡೆ ‘ಕೈಕಸುಬು’ ಎಂದಿತ್ತು. ಆ ವಾರ ಬರೆದಿದ್ದವರು ಹಳೆ ಹುಬ್ಬಳ್ಳಿಯ ಒಬ್ಬ ಗಾದಿ ಹೊಲಿಯುವವರು.

ಆ ನಾಲ್ಕು ಪುಟ ಚಂದಾದಾರರ ಲಕೋಟೆಗೆ ಮಾತ್ರ ಹೋಗುತ್ತದೆ. ಗೌರವ ಪ್ರತಿಗೆ ಇಲ್ಲ. ಆರು ವರ್ಷವಾಯಿತು, ಮೂರು ಸಾವಿರವಿದ್ದ ಚಂದಾದಾರರು ಹದಿನಾಲ್ಕು ಸಾವಿರವಾಗಿದ್ದಾರೆ. ಇದೆಲ್ಲ ಶಿಬಿರದ ಫಲ ಎಂದು ದೇಶಪಾಂಡೆಯವರಿಗೆ ಒಂದು ಪ್ರಶಸ್ತಿಯೂ ಬಂದಿದೆ. ಒಳಗೆ ನಾಲ್ಕು ಪುಟ ಹೆಚ್ಚಿಗೆ ಹೋಗುತ್ತಿರುವುದು ಅವರಿಗಾಗಲಿ, ಮೂರನೆಯ ಮಹಡಿಯ ಇನ್ಯಾರಿಗಾಗಲಿ ಇವತ್ತಿಗೂ ಗೊತ್ತಿಲ್ಲ. ಅವರ ಮೇಜಿಗೆ ಹೋಗುವುದೂ ಗೌರವ ಪ್ರತಿಯೇ.

ಇನ್ನು ಈ ಕತೆಯನ್ನು ಕೈಯಲ್ಲಿ ಹಿಡಿದಿರುವ ನೀವು. ಇದನ್ನು ಕೊಂಡು ತಂದಿರೋ, ಯಾರಾದರೂ ಗೌರವದಿಂದ ಕಳಿಸಿದರೋ ಎಂದು ಕೇಳಬೇಕೆಂದಿದ್ದೆ. ಬೇಡ ಬಿಡಿ. ಇಲ್ಲಿಯವರೆಗೆ ಬಂದಿದ್ದೀರಲ್ಲ, ಉತ್ತರ ಸಿಕ್ಕಿತು.